ಕಮ್ಮಿ ಹೇಳಿದ ಬೆಲೆ

“ಕಾಯಿ ಎಷ್ಟು ಕೊಟ್ಟೆ?” ಎಂದು ಮಾವ ಕೇಳಿದರು. ಮುದ್ದೆಯ ಮೊದಲ ತುತ್ತು ಇನ್ನೂ ಅವರ ಕೈಯಲ್ಲೇ ಇತ್ತು.

“ಮೂವತ್ತೈದು ಮಾವ.”

“ಮೂವತ್ತೈದಾ! ನಾಕೈದು ರೂಪಾಯಿ ಜಾಸ್ತಿ ಕೊಟ್ಟಿದ್ದೀಯ ನೋಡು. ಗಾಡಿಯೋನು ಏಳಿದ್ದಕ್ಕೆಲ್ಲ ತಲೆ ಆಡಿಸ್ಬಾರ್ದು ಕಣಮ್ಮ. ಕೇಳಿ ತಗೊಬೇಕು.”

ನಾನು ಕೊಟ್ಟದ್ದು ಅರವತ್ತೆಂಟು. ಕೇಳಿಯೇ ತಗೊಂಡಿದ್ದೆ. ಹೂಡಿ ರೈಲ್ವೆ ಗೇಟಿನ ಹತ್ತಿರದ ಗಾಡಿಯವನು ಒಂದು ರೂಪಾಯಿಯೂ ಬಿಡಲಿಲ್ಲ, ಬೇಕಾದರೆ ತಗೊಳ್ಳಿ ಅಕ್ಕ, ಬೇಡವಾದರೆ ಬಿಡಿ ಎಂದ. ಆ ಉಳಿದ ಮೂವತ್ತಮೂರು ರೂಪಾಯಿ ನನ್ನ ಪರ್ಸಿನಿಂದ ಹೋಗಿತ್ತು. ಎಣ್ಣೆಯದು, ಬೇಳೆಯದು, ಹಾಲಿನದು, ಮಗಳು ಚುಕ್ಕಿಯ ಮೊಟ್ಟೆಯದು, ಎಲ್ಲದರ ಅರ್ಧ ಹಾಗೆಯೇ ಹೋಗುತ್ತಿತ್ತು. ಮೂರು ವರ್ಷದಿಂದ ಹೋಗುತ್ತಿತ್ತು.

ಇದು ಬಡವರ ಮನೆ ಅಂದುಕೊಂಡೀರಿ. ನಮ್ಮ ಮಾವ ರಾಮಾಂಜಿನಪ್ಪನವರಿಗೆ ಎಂಟು ಬಾಡಿಗೆ ಮನೆಗಳಿವೆ. ನಾವಿರುವುದು ನೆಲಮಹಡಿ, ಮೇಲಿನ ಮೂರು ಮಹಡಿಯ ತುಂಬ ಕಂಪನಿ ಕೆಲಸದವರು. ತಿಂಗಳಿಗೆ ಒಂದು ಲಕ್ಷದ ಮೇಲೆ ಬಾಡಿಗೆ ಬರುತ್ತದೆ. ಗಂಡ ಚಿರಂಜೀವಿ ಎರಡು ಕಾರುಗಳನ್ನು ವೈಟ್‌ಫೀಲ್ಡಿನ ಕಂಪನಿಗಳಿಗೆ ಓಡಿಸಲು ಬಿಟ್ಟಿದ್ದಾನೆ, ಮೂರನೆಯದರ ಕಂತು ಕಟ್ಟುತ್ತಿದ್ದಾನೆ. ಇಷ್ಟೆಲ್ಲ ಇದ್ದು, ಐದು ಜನರ ಅಡುಗೆಮನೆಗೆ ಮಾವ ಪ್ರತಿ ಸೋಮವಾರ ದೇವರ ಗೂಡಿನಲ್ಲಿ ಇಡುತ್ತಿದ್ದದ್ದು ಎರಡು ಸಾವಿರ ರೂಪಾಯಿ. ಅಕ್ಕಿ, ರಾಗಿ ಬಿಟ್ಟು ಉಳಿದದ್ದೆಲ್ಲ ಅದರಲ್ಲೇ ಆಗಬೇಕು.

ನಿಜ ಹೇಳಬಾರದಿತ್ತೇ ಎಂದು ಯಾರಾದರೂ ಕೇಳಬಹುದು. ಹೇಳಿದ್ದೆ. ಟೊಮೇಟೊ ನೂರಾ ಇಪ್ಪತ್ತಾದ ಮಳೆಗಾಲದಲ್ಲಿ ನೂರಾ ಇಪ್ಪತ್ತು ಎಂದೇ ಹೇಳಿದ್ದೆ. ಮಾವ ತಟ್ಟೆ ತಳ್ಳಿ ಎದ್ದರು. “ಇದೇ ಹೂಡಿ ಮಣ್ಣಾಗೆ ಟೊಮೇಟೊ ಬೆಳ್ದು, ರೇಟಿಲ್ಲ ಅಂತ ರೋಡಿಗೆ ಸುರಿದೋನು ನಾನು! ನನ್ನ ಮುಂದೆ ನೂರಾ ಇಪ್ಪತ್ತು ಅಂತೀಯ? ಮನೆ ನಡ್ಸೋಕೆ ಬರಲ್ಲ ಅಂತ ಏಳು!” ಎಂದು ಬೀದಿಗೆ ಕೇಳುವಂತೆ ಕೂಗಾಡಿ, ಎರಡು ದಿನ ಮನೆಯಲ್ಲಿ ಊಟ ಮಾಡಲಿಲ್ಲ.

ಮೂರನೆಯ ದಿನ ಅತ್ತೆ ಭಾಗ್ಯಮ್ಮ ನನ್ನನ್ನು ಹಿತ್ತಲಿಗೆ ಕರೆದು ಹೇಳಿಕೊಟ್ಟರು.

“ಕಮ್ಮಿ ಏಳಮ್ಮ. ನೂರಾದ್ರೆ ನಲವತ್ತು ಅನ್ನು. ಉಳಿದಿದ್ದು ಎಂಗೋ ಸರಿ ಮಾಡ್ಕೊ. ನಾನು ಮದುವೆಯಾದಾಗಿಂದ ಇಂಗೇ ಮಾಡಿದ್ದು.”

“ನೀವು ಎಲ್ಲಿಂದ ಸರಿ ಮಾಡ್ತಿದ್ರಿ ಅತ್ತೆ?”

“ಎರಡು ಹಸ ಇದ್ವಲ್ಲ. ಹಾಲಿನ ದುಡ್ಡು. ಆಯಪ್ಪನಿಗೆ ಬೆಲೆ ಗೊತ್ತಾಗಲ್ಲ ಬಿಡು. ಗೊತ್ತಾದ್ರೆ ತಡ್ಕೊಳ್ಳಲ್ಲ. ಮನೇಲಿ ಗಲಾಟೆ ಇಲ್ದಿದ್ರೆ ಸಾಕು.”

ನನಗೆ ಹಸು ಇರಲಿಲ್ಲ, ಟ್ಯೂಷನ್ ಇತ್ತು. ಬಿ.ಎಸ್ಸಿ.ಯಲ್ಲಿ ಗಣಿತ ಓದಿದವಳು, ಸಂಜೆ ಹನ್ನೆರಡು ಮಕ್ಕಳಿಗೆ ಪಾಠ ಹೇಳುತ್ತೇನೆ. ತಿಂಗಳಿಗೆ ಎಂಟು ಸಾವಿರ ಬರುತ್ತದೆ. ಬಿ.ಎಡ್. ಮಾಡಲೆಂದೇ ಶುರು ಮಾಡಿದ ಪಾಠ ಅದು. ಅದರಲ್ಲಿ ಮುಕ್ಕಾಲು ಪಾಲು ಮಾವನಿಗೆ ಸಿಟ್ಟು ಬರದಿರಲಿ ಎಂದು ಒಗ್ಗರಣೆಗೆ ಬಿತ್ತು, ಮಿಕ್ಕದ್ದರಲ್ಲಿ ಬಹುಪಾಲು ಹಬ್ಬಕ್ಕೆ, ಚುಕ್ಕಿಯ ಪುಸ್ತಕ ಬಟ್ಟೆಗೆ ಹೋಯಿತು. ನನ್ನ ಬುದ್ಧಿಗೆ ಏನು ಹೇಳಲಿ! ಬಯ್ಯುವವರ ಬಾಯಿ ಮುಚ್ಚಿಸಲು ನನ್ನದೇ ದುಡ್ಡು ಕೊಟ್ಟೆ, ಅದನ್ನು ಸಂಸಾರ ನಡೆಸುವ ಜಾಣತನ ಎಂದುಕೊಂಡೆ.

ಈ ಸಲ ಭಾದ್ರಪದದಲ್ಲಿ ಕೆ.ಆರ್. ಪುರದಾಚೆಯ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮೊದಲ ಕಂತು ಇಪ್ಪತ್ತೈದು ಸಾವಿರ, ಮುಂದಿನ ತಿಂಗಳ ಐದನೇ ತಾರೀಕಿನೊಳಗೆ ಕಟ್ಟಬೇಕು. ಕಟ್ಟದಿದ್ದರೆ ಸೀಟು ಇನ್ನೊಬ್ಬರಿಗೆ. ಚುಕ್ಕಿ ಓದುವ ಶಾಲೆಯವರು, ಬಿ.ಎಡ್. ಮುಗಿಸಿ ಬನ್ನಿ, ಗಣಿತಕ್ಕೆ ನಮಗೂ ಟೀಚರ್ ಬೇಕು ಎಂದಿದ್ದರು. ನನಗೆ ಮೂವತ್ತನಾಲ್ಕು. ಇನ್ನೊಂದು ವರ್ಷ, ಇನ್ನೊಂದು ವರ್ಷ ಎಂದು ಎಷ್ಟು ದಿನ ತಳ್ಳಲಿ? ಖಾತೆಯಲ್ಲಿ ನೋಡಿದರೆ ಹನ್ನೊಂದು ಸಾವಿರವಿತ್ತು.

ಗಂಡನನ್ನು ಕೇಳಿದೆ. ಅವನು ಫೋನು ನೋಡುತ್ತ ಸೋಫಾದಲ್ಲಿ ಮಲಗಿದ್ದ.

“ರೀ, ಹದಿನಾಲ್ಕು ಸಾವಿರ ಬೇಕು. ಫೀಸಿಗೆ.”

“ನನ್ ಹತ್ರ ಎಲ್ಲಿದೆ? ಕಾರಿನ ಕಂತೇ ಕಟ್ಟೋಕಾಗ್ತಿಲ್ಲ. ಅಪ್ಪನ್ನ ಕೇಳು.”

“ನೀವೇ ಕೇಳಿ. ನಿಮ್ಮಪ್ಪ ತಾನೆ?”

“ಓದೋಳು ನೀನು ತಾನೆ? ನೀನೇ ಕೇಳು.”

ಕೇಳಿದೆ. ಮಾವ ಕಾಫಿ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

“ಟ್ಯೂಷನ್ ದುಡ್ಡು ಐತಲ್ಲ? ಮೂರು ವರ್ಷದಿಂದ ತಿಂಗಳಾ ಎಣಿಸ್ಕೊತಿದ್ದೀಯ. ಮನೆಗೆ ಅಂತ ಒಂದು ಪೈಸೆ ಕೇಳಿದ್ದೀವಾ ನಾವು? ಅಷ್ಟೂ ಎಲ್ಲೋಯ್ತು?”

ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತ ತಲೆ ಎತ್ತಲೇ ಇಲ್ಲ.

“ಮಾತಾಡಮ್ಮ. ತವರಿಗೆ ಕೊಟ್ಯಾ?”

“ಇಲ್ಲ ಮಾವ.”

“ಮತ್ತೆ ದುಡ್ಡಿಗೇನು ಕಾಲು ಬಂದು ಓಡೋಯ್ತಾ? ನಿಮ್ಮಪ್ಪನಿಗೆ ಪೀಣ್ಯದಾಗೆ ಕೆಲಸ ನಿಂತು ಎಷ್ಟು ದಿನ ಆಯ್ತು? ನಮಗೇನು ತಿಳಿಯಲ್ಲ ಅಂದ್ಕೊಂಡ್ಯಾ?”

ನನ್ನಪ್ಪ ಮೂವತ್ತು ವರ್ಷ ಲೇತ್ ಮೆಷಿನ್ ಮುಂದೆ ನಿಂತು ದುಡಿದವರು. ಮಗಳ ಮನೆಗೆ ಬಂದರೆ ಒಂದು ಲೋಟ ಕಾಫಿಗಿಂತ ಹೆಚ್ಚು ಮುಟ್ಟದವರು. ಅವರ ಹೆಸರು ಆ ಬಾಯಲ್ಲಿ ಬಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಏನು ಹೇಳಲಿ? ನಿಜ ಹೇಳಿದರೆ ಮೂರು ವರ್ಷ ಸುಳ್ಳು ಹೇಳಿದವಳು. ಹೇಳದಿದ್ದರೆ ತವರಿಗೆ ಸಾಗಿಸಿದವಳು. ಬಾಯಿ ಮುಚ್ಚಿಕೊಂಡು ಒಳಗೆ ಹೋದೆ. ಅತ್ತೆ ಹಿಂದೆಯೇ ಬಂದು, “ಸಮಾಧಾನ ಮಾಡ್ಕೊ ಮಂಜು” ಎಂದರು.

“ಅಲ್ಲಿ ಒಂದು ಮಾತು ಆಡೋಕೆ ನಿಮಗೇನಾಗಿತ್ತು ಅತ್ತೆ?”

“ಆಡಿದ್ರೆ ಮನೆ ಒಡೆದೋಗ್ತಿತ್ತು.”

“ಒಡೆಯಲಿ!” ಎಂದೆ. ಕೈಯಲ್ಲಿದ್ದ ಸೌಟು ಸಿಂಕಿಗೆ ಎಸೆದೆ.

ಅವತ್ತಿನಿಂದ ನನ್ನ ಖಾತೆಯ ಹನ್ನೊಂದು ಸಾವಿರವನ್ನು ಮುಟ್ಟಲಿಲ್ಲ. ಮಾವ ಇಟ್ಟ ಎರಡು ಸಾವಿರಕ್ಕೆ ಏನು ಬರುತ್ತದೋ ಅದನ್ನೇ ತಂದೆ. ಕಾಯಿ ವಾರಕ್ಕೆ ಒಂದು. ಬೇಳೆ ಮುಕ್ಕಾಲು ಪಾವು ಹಾಕುತ್ತಿದ್ದಲ್ಲಿ ಅರ್ಧ ಪಾವು. ಕಾಫಿಪುಡಿ ಮುಗಿದಾಗ ಮತ್ತೆ ತರಲಿಲ್ಲ. ಬೆಲೆ ಕೇಳಿದರೆ ಮಾತ್ರ ಹಳೆಯ ಸುಳ್ಳನ್ನೇ ಹೇಳಿದೆ, ನಿಜ ಹೇಳುವ ಧೈರ್ಯ ಇನ್ನೂ ಬಂದಿರಲಿಲ್ಲ.

“ಇದು ಸಾರಾ, ಕೈ ತೊಳೆದ ನೀರಾ?” ಮಾವ ಬಟ್ಟಲು ಬಗ್ಗಿಸಿ ತೋರಿಸಿದರು.

“ಸಾರೇ ಮಾವ.”

“ಅಮ್ಮ, ಮೊಟ್ಟೆ ಇಲ್ವಾ?” ಎಂದಳು ಚುಕ್ಕಿ.

“ಇಲ್ಲ ಕಣೆ. ನಿಮ್ಮಪ್ಪನ್ನ ಕೇಳು.”

ಅವಳಪ್ಪ ಏನು ಮಾಡಿದ ಗೊತ್ತೇ? ತಟ್ಟೆ ಸರಿಸಿ, ಫೋನಿನಲ್ಲಿ ಎರಡು ಬಿರಿಯಾನಿ ತರಿಸಿದ. ಒಂಬೈನೂರ ನಲವತ್ತು ರೂಪಾಯಿ! ಅರ್ಧ ಗಂಟೆಯಲ್ಲಿ ಹುಡುಗ ಬಂದು ಬಾಗಿಲಲ್ಲಿ ಕೊಟ್ಟು ಹೋದ. ಅದರ ಬೆಲೆ ಎಷ್ಟೆಂದು ಮಾವ ಕೇಳಲಿಲ್ಲ. ಲೆಗ್ ಪೀಸು ತೆಗೆದುಕೊಂಡು, “ವಸಿ ಖಾರ ಜಾಸ್ತಿ ಆಯ್ತು” ಎಂದರು.

“ಮೊನ್ನೆ ದುಡ್ಡಿಲ್ಲ ಅಂದ್ರಲ್ಲ?” ಎಂದೆ ಗಂಡನಿಗೆ.

“ತಿನ್ನೋದರಲ್ಲೂ ಲೆಕ್ಕ ಹಾಕ್ತೀಯಲ್ಲ ನೀನು! ಮನೇಲಿ ನೆಟ್ಟಗೆ ಅಡುಗೆ ಮಾಡಿದ್ರೆ ನಾನು ಯಾಕೆ ತರಿಸ್ಲಿ?”

ನಾನು ತಿನ್ನಲಿಲ್ಲ. ಅತ್ತೆಯೂ ತಿನ್ನಲಿಲ್ಲ. ಮಿಕ್ಕಿದ ಸಾರನ್ನು ಇಬ್ಬರೂ ಅನ್ನಕ್ಕೆ ಸುರಿದುಕೊಂಡೆವು.

ಹೀಗೆ ಎರಡು ವಾರ. ಗುರುವಾರ ಮಧ್ಯಾಹ್ನ ಟೆರೇಸಿನಿಂದ ಒಣಗಿದ ಬಟ್ಟೆ ಹೊತ್ತು ಇಳಿಯುತ್ತಿದ್ದೆ. ಎರಡನೇ ಮಹಡಿಯಲ್ಲಿ ಪಂಚಾಕ್ಷರಿಯವರ ಮನೆಯ ಬಾಗಿಲು ತೆರೆದಿತ್ತು. ರಾಣೆಬೆನ್ನೂರಿನ ಕಡೆಯವರು, ಗಂಡ ಹೆಂಡತಿ ಇಬ್ಬರೇ, ಒಳ್ಳೆಯ ಜನ. ಒಳಗೆ ಮಾವನ ದನಿ ಕೇಳಿ ಮೆಟ್ಟಿಲಲ್ಲೇ ನಿಂತೆ.

“ನಾವೇನು ಆಸೆಬುರುಕರಲ್ಲ ಸಾರ್. ನೀವೇ ನೋಡಿ, ಕಾಯಿ ಒಂದಕ್ಕೆ ಅರವತ್ತೆಂಟು. ಎಣ್ಣೆ ಲೀಟರಿಗೆ ನೂರಾ ಐವತ್ತೈದು. ತೊಗರಿಬೇಳೆ ನೂರಾ ಮೂವತ್ತು. ಮೊಟ್ಟೆ ಏಳು. ಮಟನ್ ಎಂಟುನೂರು. ಸಂಸಾರಸ್ಥರು ಬದುಕೋದು ಎಂಗೆ ಏಳಿ? ಬಾಡಿಗೆ ಎರಡು ಸಾವಿರ ಜಾಸ್ತಿ ಮಾಡ್ಲೇಬೇಕು.”

“ನಾವೂ ಅದನ್ನ ತಿನ್ನೋದ್ರಿ ಸಾರ್,” ಎಂದರು ಪಂಚಾಕ್ಷರಿ. “ನಮಗೇನು ಅಂಗಡ್ಯಾಗ ಬ್ಯಾರೆ ರೇಟ್ ಐತೇನ್ರಿ? ಕಂಪನ್ಯಾಗ ಈ ವರ್ಷ ಪಗಾರನೂ ಏರ್ಸಿಲ್ಲ.”

“ಅದು ನಿಮ್ಮ ಕಂಪನಿ ವಿಚಾರ. ಹದಿನಾರಿದ್ದಿದ್ದು ಹದಿನೆಂಟು. ಸೋಮವಾರ ಅಗ್ರಿಮೆಂಟ್ ತನ್ನಿ. ಟ್ಯಾಕ್ಸ್ ಉಳೀಲಿ ಅಂತ ಈ ಮಹಡಿ ನಮ್ಮನೆಯೋಳ ಹೆಸರಿಗೆ ಮಾಡ್ಸಿದ್ದೀನಿ, ಅವಳ ಹತ್ರ ಸೈನ್ ಆಕಿಸಿಕೊಡ್ತೀನಿ.”

ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಮ್ಮಿಯಿಲ್ಲ. ನಾನು ಅಂಗಡಿಯಲ್ಲಿ ಕೊಡುತ್ತಿದ್ದ ಬೆಲೆಯನ್ನೇ ಮಾವ ಒಪ್ಪಿಸುತ್ತಿದ್ದರು. ಅಂದರೆ ಪ್ರತಿ ಊಟದಲ್ಲಿ ನಾನು ಮೂವತ್ತೈದು ಎಂದಾಗ ಅವರಿಗೆ ಅರವತ್ತೆಂಟು ಎಂದು ಗೊತ್ತಿತ್ತು. ಉಳಿದದ್ದು ಯಾರ ಪರ್ಸಿನಿಂದ ಬರುತ್ತಿದೆ ಎಂದೂ ಗೊತ್ತಿತ್ತು. ಗೊತ್ತಿದ್ದೇ, ನಾಕೈದು ರೂಪಾಯಿ ಜಾಸ್ತಿ ಕೊಟ್ಟೆ ಎಂದು ನನಗೆ ಬುದ್ಧಿ ಹೇಳುತ್ತಿದ್ದರು. ಗೊತ್ತಿದ್ದೇ ನನ್ನಪ್ಪನ ಹೆಸರು ಎತ್ತಿದ್ದರು! ಹೊತ್ತಿದ್ದ ಬಟ್ಟೆಯನ್ನೆಲ್ಲ ಮೆಟ್ಟಿಲ ಮೇಲೇ ಎಸೆದೆ.

ಕೆಳಗೆ ಬಂದು ಅತ್ತೆಗೆ ಹೇಳಿದೆ. ಅವರು ನಂಬಲಿಲ್ಲ.

“ನೀನು ತಪ್ಪು ಕೇಳಿಸ್ಕೊಂಡಿದ್ದೀಯ.”

“ಮೊಟ್ಟೆ ಏಳು ರೂಪಾಯಿ ಅಂತಲೂ ಹೇಳಿದ್ರು ಅತ್ತೆ. ನಾನು ನಾಲ್ಕು ಅಂತ ಹೇಳ್ತಿದ್ದೆ.”

ಅತ್ತೆ ನೆಲದ ಮೇಲೆ ಕೂತುಬಿಟ್ಟರು. ಆಮೇಲೆ ಹೇಳಿದರು: “ನನ್ನ ತಂಗಿ ಮದುವೆಗೆ ಒಂದು ಸೀರೆ ಕೊಡಕ್ಕಾಗಿಲ್ಲ ಕಣಮ್ಮ ನಂಗೆ. ಹಾಲಿನ ದುಡ್ಡೆಲ್ಲ ಇವರ ಬೇಳೆಗೆ, ಬೆಲ್ಲಕ್ಕೆ ಹೋಗಿತ್ತು. ಬರಿಗೈಯಲ್ಲಿ ಹೋದೆ. ಜಿಪುಣಿ ಅಂತ ನಮ್ಮಣ್ಣ ಎಲ್ಲರ ಮುಂದೆ ಆಡ್ಕೊಂಡ.”

ಆ ಭಾನುವಾರ ಮಹಾಲಯ ಅಮಾವಾಸ್ಯೆ, ಪಕ್ಷದ ಹಬ್ಬ. ಹಿರಿಯರ ಫೋಟೋ ಮುಂದೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಆಮೇಲೆ ನೆಂಟರೆಲ್ಲ ಕೂತು ಉಣ್ಣಬೇಕು. ನಮ್ಮಲ್ಲಿ ಬಾಡೂಟ. ಶನಿವಾರ ಮಾವ ಎಣಿಸಿ ನಾಲ್ಕು ಸಾವಿರ ಕೊಟ್ಟರು.

“ಇಪ್ಪತ್ತು ಜನ ಆಯ್ತಾರೆ. ಸಾಕಲ್ಲ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, “ಸಾಕು. ಅಷ್ಟರಾಗೇ ಮಾಡ್ತೀವಿ” ಎಂದರು. ಹಿಂದಿನ ಮೂರು ವರ್ಷವೂ ಇದೇ ಹಬ್ಬಕ್ಕೆ ನಾನು ಐದೈದು ಸಾವಿರ ಸೇರಿಸಿದ್ದೆ. ಮಾವನ ಮನೆಯ ಪಕ್ಷದೂಟ ಎಂದರೆ ಊರೆಲ್ಲ ಹೊಗಳುತ್ತಿತ್ತು. ಈ ಸಲ ಎರಡು ಕೆ.ಜಿ. ಮಟನ್ನು, ಎರಡು ಕೆ.ಜಿ. ಕೋಳಿ, ಆಮೇಲೆ ಉಳಿದದ್ದಕ್ಕೆ ಎಷ್ಟು ಬಂತೋ ಅಷ್ಟು. ವಡೆ ತಲೆಗೊಂದು. ಗಂಡನ ತಾತನ ಎಡೆಗೆ ಇಡುವ ಬ್ರಾಂದಿ ಬಾಟಲಿಯನ್ನು ಮಾತ್ರ ಮಾವ ತಾವೇ ತಂದರು. ಅದು ಒಳ್ಳೆಯದೇ ಇತ್ತು.

ಮಾವನ ಅಕ್ಕ ಬೈರಮ್ಮ ಮಾಲೂರಿನಿಂದ ಬಂದಿದ್ದರು. ಎಲೆಯ ಮುಂದೆ ಕೂತು ಎರಡು ತುಂಡು ಮಾಂಸ, ಒಂದು ವಡೆ ನೋಡಿ ತಮ್ಮನ ಮುಖ ನೋಡಿದರು.

“ಏನ್ ರಾಮಾಂಜಿ, ಎಂಟು ಮನೆ ಬಾಡಿಗೆ ತಿಂತೀಯ. ಅಪ್ಪನ ಎಡೆಗೂ ಎಣಿಸಿ ಬಡಿಸೋದಾ?”

ಇಪ್ಪತ್ತು ಜನರ ಎದುರು ಮಾವನಿಗೆ ಮುಖಭಂಗವಾಯಿತು. ಸರ್ರನೆ ನನ್ನ ಕಡೆ ತಿರುಗಿದರು.

“ಇವಳನ್ನ ಕೇಳಕ್ಕ! ಕೈತುಂಬ ದುಡ್ಡು ಕೊಟ್ಟಿದ್ದೀನಿ. ಮನೆ ದುಡ್ಡೆಲ್ಲ ತವರಿಗೆ ಸಾಗಿಸ್ತವಳೆ. ನನ್ನ ಅಪ್ಪನ ಎಡೆಯಾಗೂ ಕದ್ದವಳೆ!”

ನಾನು ಸಾರಿನ ಬಕೆಟ್ಟು ನೆಲಕ್ಕಿಟ್ಟೆ.

“ನಾಲ್ಕು ಸಾವಿರ ಕೊಟ್ರಿ ಮಾವ. ಮಟನ್ನಿಗೇ ಸಾವಿರದ ಆರುನೂರು ಆಯ್ತು. ಕಾಯಿ ಐದು, ಒಂದೊಂದಕ್ಕೆ ಅರವತ್ತೆಂಟು.”

“ಅರವತ್ತೆಂಟಾ? ಮೊನ್ನೆ ಮೂವತ್ತೈದು ಅಂದೆ!”

“ಸುಳ್ಳು ಹೇಳಿದೆ. ಮೂರು ವರ್ಷದಿಂದ ಸುಳ್ಳು ಹೇಳಿ, ಉಳಿದಿದ್ದನ್ನ ನನ್ನ ಟ್ಯೂಷನ್ ದುಡ್ಡಲ್ಲಿ ಹಾಕಿದೆ. ಎಲ್ಲೋಯ್ತು ಅಂತ ಕೇಳಿದ್ರಲ್ಲ, ನಿಮ್ಮ ಹೊಟ್ಟೆಗೇ ಹೋಯ್ತು. ಅದು ನಿಮಗೂ ಗೊತ್ತಿತ್ತು. ಗುರುವಾರ ಪಂಚಾಕ್ಷರಿಯವರ ಮನೇಲಿ ಅರವತ್ತೆಂಟು ಅಂದ್ರಿ, ಮೊಟ್ಟೆ ಏಳು ಅಂದ್ರಿ. ನನ್ನ ಮುಂದೆ ಏನೂ ಗೊತ್ತಿಲ್ಲದೋರ ಹಾಗೆ ಕೂತು ಉಂಡ್ರಿ!”

ಗಂಡ ಎದ್ದು ಬಂದು ನನ್ನ ಮೊಣಕೈ ಹಿಡಿದ. “ಮಂಜು, ಜನದ ಮುಂದೆ ಬೇಡ. ಒಳಗೆ ನಡಿ.”

“ನಿಮಗೂ ಗೊತ್ತಿತ್ತಾ?”

ಅವನು ನನ್ನನ್ನು ಒಳಕ್ಕೆ ಎಳೆದ.

“ಗೊತ್ತಿತ್ತಾ ಅಂತ ಕೇಳಿದೆ!”

“ಗೊತ್ತಿತ್ತು. ನಡೀತಿತ್ತಲ್ಲ, ಈಗ ಯಾಕೆ ಅದೆಲ್ಲ?”

ನಡೀತಿತ್ತಂತೆ! ನಾನು ಕೈ ಕೊಡವಿಕೊಂಡೆ. ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದಿದ್ದರು. ಹಬ್ಬದ ದಿನ ಗಂಡಸರು ಉಣ್ಣುವಾಗ ಅವರು ಹೊಸ್ತಿಲು ದಾಟಿದವರಲ್ಲ. ಮಾವನ ಎಲೆಯ ಎದುರು ನಿಂತು ಕೇಳಿದರು.

“ಇವಳಿಗೆ ಕಮ್ಮಿ ಏಳು ಅಂತ ಏಳಿಕೊಟ್ಟೋಳು ನಾನು. ಅದು ಬಿಡಿ. ನನ್ನ ಕಾಲದಾಗೂ ನಿಮಗೆ ಗೊತ್ತಿತ್ತಾ?”

ಮಾವ ಇಲ್ಲ ಎಂದಿದ್ದರೆ ಅತ್ತೆ ನಂಬುತ್ತಿದ್ದರು. ನಂಬಲು ತಯಾರಾಗಿಯೇ ಬಂದಿದ್ದರು ಎಂದು ನನಗನ್ನಿಸಿತು. ಆದರೆ ಮಾವನಿಗೆ ಅಕ್ಕನ ಎದುರು ಪೆದ್ದನಾಗುವುದು ಬೇಕಿರಲಿಲ್ಲ.

“ಗೊತ್ತಿಲ್ದೆ ಏನು? ವಾರವಾರ ಸಂತೆಗೆ ತರಕಾರಿ ಆಕ್ತಿದ್ದೋನಿಗೆ ಬೇಳೆ ಬೆಲೆ ಗೊತ್ತಿರಲ್ವಾ? ಹೆಂಗಸರ ಕೈಯಾಗೆ ನಾಕು ಕಾಸು ಉಳೀತು ಅಂದ್ರೆ ಮಾತು ಕೇಳ್ತೀರಾ ನೀವು? ಅದಕ್ಕೇ ಸುಮ್ನಿದ್ದೆ. ಈಗ ಬಡ್ಸು ಓಗು!”

ಬೈರಮ್ಮ ಎಲೆ ಮಡಚಿ ಎದ್ದರು. “ಅಪ್ಪ ಇಂಥೋನಾಗಿರ್ಲಿಲ್ಲ ಕಣೋ” ಎಂದು ಹೇಳಿ ಕೈ ತೊಳೆಯಲು ಹೋದರು. ಅತ್ತೆ ಬಡಿಸಲಿಲ್ಲ. ನಾನೂ ಬಡಿಸಲಿಲ್ಲ. ನೆಂಟರು ತಾವೇ ಬಕೆಟ್ಟು ಎಳೆದುಕೊಂಡು ಹೇಗೋ ಊಟ ಮುಗಿಸಿದರು.

ಸೋಮವಾರ ಬೆಳಗ್ಗೆ ಪಂಚಾಕ್ಷರಿ ಅಗ್ರಿಮೆಂಟ್ ಹಿಡಿದು ಬಂದರು. ಮಾವ ಪೆನ್ನು ಮುಂದೆ ಮಾಡಿ, “ಸೈನ್ ಆಕು” ಎಂದರು. ಅತ್ತೆ ಕಾಗದವನ್ನು ನನ್ನ ಕೈಗೆ ಕೊಟ್ಟು ಓದಿಸಿದರು. ಇಷ್ಟು ವರ್ಷದಲ್ಲಿ ಓದಿಸಿದ್ದು ಅದೇ ಮೊದಲು.

“ಹದಿನೆಂಟು ಬೇಡ ಸಾರ್, ಹದಿನಾರೇ ಇರ್ಲಿ,” ಎಂದು ಅತ್ತೆ ಪಂಚಾಕ್ಷರಿಗೇ ಹೇಳಿದರು. “ಬಾಡಿಗೆ ನನ್ನ ಸೊಸೆ ಮಂಜುಶ್ರೀ ಖಾತೆಗೆ ಹಾಕಬೇಕು ಅಂತ ಬರೆಸ್ಕೊಂಡು ಬನ್ನಿ. ಆಗ ಸೈನ್ ಆಕ್ತೀನಿ.”

“ಯಾರ ಆಸ್ತಿ ಅಂತ ಮಾತಾಡ್ತಿದ್ದೀಯ?” ಮಾವ ಕಿರುಚಿದರು.

“ಕಾಗದದಾಗೆ ಯಾರ ಹೆಸರೈತೋ ಅವರದ್ದು.”

ಪಂಚಾಕ್ಷರಿ ಒಮ್ಮೆ ಮಾವನನ್ನು, ಒಮ್ಮೆ ಅತ್ತೆಯನ್ನು ನೋಡಿದರು. “ಮಾಲೀಕರು ಹ್ಯಾಂಗ ಹೇಳ್ತಾರ ಹಂಗ್ರಿ” ಎಂದು ಕಾಗದ ತೆಗೆದುಕೊಂಡು ಹೋದರು. ಮಾರನೆಯ ದಿನ ಅತ್ತೆ ಸೈನ್ ಹಾಕಿದರು.

ಮೂರನೇ ತಾರೀಕು ಬಾಡಿಗೆ ಬಂತು, ನಾಲ್ಕಕ್ಕೆ ನಾನು ಫೀಸು ಕಟ್ಟಿ ಬಂದೆ. ಸೀಟು ಉಳಿಯಿತು. ನನ್ನ ಸಿಟ್ಟು ಇಳಿಯಲಿಲ್ಲ. ಮೂರು ವರ್ಷದ ಹಿಂದೆಯೇ ಕಟ್ಟಬಹುದಾಗಿದ್ದ ಫೀಸು ಅದು. ಗಂಡ ನನ್ನೊಡನೆ ಮಾತು ಬಿಟ್ಟಿದ್ದ, ಬಿಡಲಿ.

ರಸೀದಿ ನೋಡಿದ ಮಾವ ನಡುಮನೆಯಲ್ಲಿ ನಿಂತು ಕೂಗಾಡಿದರು. “ಇಬ್ಬರೂ ಸೇರ್ಕೊಂಡ್ರಾ? ಇವತ್ತಿಂದ ಮನೆ ಖರ್ಚಿಗೆ ಒಂದು ಪೈಸೆ ಕೊಡಲ್ಲ! ಅದೇನು ಬೇಯಿಸ್ತೀರೋ ನೋಡ್ತೀನಿ!”

ಅತ್ತೆ ಬಾಗಿಲ ಹಿಂದಿನ ಮೊಳೆಯಿಂದ ಬಟ್ಟೆಚೀಲ ತೆಗೆದು ಅವರ ಮುಂದೆ ಹಿಡಿದರು.

“ಕೊಡಬೇಡಿ. ಸಾಮಾನು ನೀವೇ ತನ್ನಿ. ಬೆಲೆ ಎಲ್ಲ ನಿಮಗೆ ಬಾಯಿಪಾಠ ಐತಲ್ಲ.”